ಭಾಸ್ಕರ ಗೋಡೆಯಾಗಿ ನಿಂತ ವರ್ಷ

ದೈಹಿಕ ಶಿಕ್ಷಣ ನಿರ್ದೇಶಕರಾಗಿ ಹೊಸದಾಗಿ ಕಾಲೇಜು ಸೇರಿದ ಹುಡುಗರು ಆಗಾಗ ನನ್ನನ್ನು ಕಾಣಲು ಬರುತ್ತಾರೆ. ಚಹಾ ಬರುವ ಮೊದಲೇ ಅವರ ಪ್ರಶ್ನೆ ಬರುತ್ತದೆ: ‘ಸರ್, ನಿಮ್ಮ ಕಾಲದಾಗ ಎಷ್ಟು ಕಪ್ ಬಂದೂವು?’ ಬಂದ ಕಪ್ಪುಗಳೆಲ್ಲ ನಾಸಿಕದ ನಮ್ಮ ಕಾಲೇಜಿನ ಕಪಾಟಿನಲ್ಲಿ ಬಣ್ಣಗೆಟ್ಟು ಕುಳಿತಿವೆ, ಅವುಗಳ ಮಾತು ಬಿಡಿ. ಈ ನೌಕರಿಯಲ್ಲಿ ನಿಮಗೆ ದಿನವೂ ತಪ್ಪದೆ ಸಿಗುವುದು ಹೆದರಿಕೆ. ಬೆಳಿಗ್ಗೆ ಎದ್ದರೆ ಯಾರ ಮೊಣಕಾಲು ಊದಿದೆಯೋ, ಯಾರಿಗೆ ಜ್ವರ ಬಂದಿದೆಯೋ, ಯಾರ ಅಪ್ಪನಿಗೆ ವರ್ಗವಾಗಿದೆಯೋ ಎಂಬ ಹೆದರಿಕೆ. ನಾನು ಹುಟ್ಟಾ ಪುಕ್ಕಲ. ಪಂದ್ಯದ ಹಿಂದಿನ ದಿನ ನನಗೆ ಊಟ ಸೇರುತ್ತಿರಲಿಲ್ಲ. ‘ಚೆಂಡು ಬುಟ್ಟಿಗೆ ಬೀಳೂಮಟಾ ನಿಮ್ಮ ಗಂಟಲದಾಗ ತುತ್ತು ಇಳಿಯೂದಿಲ್ಲೇನ್ರಿ?’ ಎಂದು ನನ್ನ ಹೆಂಡತಿ ಸುಮಂಗಲಾ ಚೇಷ್ಟೆ ಮಾಡುತ್ತಿದ್ದಳು.

ನಾನು ಬಾಗಲಕೋಟೆ ಕಡೆಯವನು. ನಾಸಿಕಕ್ಕೆ ಹೋದಾಗ ಮರಾಠಿ ಅಷ್ಟಕ್ಕಷ್ಟೆ. ಆದರೆ ಓಝರಿನ ವಿಮಾನ ಕಾರ್ಖಾನೆಯಲ್ಲಿ ನಮ್ಮ ಕಡೆಯ ಇಂಜಿನಿಯರುಗಳು, ತಂತ್ರಜ್ಞರು ಬಹಳ ಮಂದಿ ಇದ್ದರು, ಬ್ಯಾಂಕುಗಳಲ್ಲೂ ಇದ್ದರು. ಅವರ ಮಕ್ಕಳು ನಮ್ಮ ಕಾಲೇಜಿಗೆ ಬರುತ್ತಿದ್ದರು. ಬ್ಯಾಂಕಿನವರ ಮಕ್ಕಳನ್ನು ನನ್ನ ಬಾಸ್ಕೆಟ್‌ಬಾಲ್ ತಂಡಕ್ಕೆ ತೆಗೆದುಕೊಳ್ಳುವಾಗ ನನ್ನ ಎದೆ ಡವಗುಟ್ಟುತ್ತಿತ್ತು. ಜುಲೈ ತಿಂಗಳಿನಿಂದ ತಿದ್ದಿ ತೀಡಿದ ಹುಡುಗ ದಸರೆಯ ಹೊತ್ತಿಗೆ ಬಂದು, ‘ಸರ್, ಪಪ್ಪಾಂದು ಬದಲಿ ಆತು, ಗುವಾಹಾಟಿ’ ಎನ್ನುತ್ತಿದ್ದ. ಆ ಫೌಲಿಗೆ ಯಾವ ಅಂಪೈರೂ ಸೀಟಿ ಊದುವುದಿಲ್ಲ. ಹಾಗಾಗಿ ಹುಡುಗನ ಎತ್ತರ ನೋಡುವ ಮೊದಲು ಅವನ ಅಪ್ಪ ಈ ಊರಿಗೆ ಬಂದು ಎಷ್ಟು ವರ್ಷವಾಯಿತು ಎಂದು ಕೇಳುವ ಅಭ್ಯಾಸ ಮಾಡಿಕೊಂಡೆ.

ನಮ್ಮ ಪ್ರಾಚಾರ್ಯರು ಸಂಸ್ಕೃತದವರು, ಸಜ್ಜನರು. ಒಂದು ಪಂದ್ಯಕ್ಕೂ ಬಂದವರಲ್ಲ. ತಂಡ ಊರು ಬಿಡುವ ದಿನ ಮಾತ್ರ ನನ್ನನ್ನು ಕರೆದು ಒಂದೇ ಮಾತು ಹೇಳುತ್ತಿದ್ದರು: ‘ಹಿರೇಮಠ, ಜಿಂಕಾ ಕಿಂವಾ ಹರಾ, ಪಣ ಹಾಡಂ ಮೋಡೂ ನಕಾ.’ ಗೆಲ್ಲಿ, ಸೋಲಿ, ಎಲುಬು ಮಾತ್ರ ಮುರಿದುಕೊಂಡು ಬರಬೇಡಿ ಎಂದು. ಮೇಲಧಿಕಾರಿಯಿಂದ ನನಗೆ ಸಿಕ್ಕ ಮಾರ್ಗದರ್ಶನ ಇಷ್ಟೇ. ಆಮೇಲೆ ದೊಡ್ಡ ದೊಡ್ಡ ತರಬೇತಿ ಶಿಬಿರಗಳಿಗೆ ಹೋಗಿ ಬಂದೆ, ಇದಕ್ಕಿಂತ ಉಪಯೋಗದ ಮಾತನ್ನು ಯಾರೂ ಹೇಳಲಿಲ್ಲ.

ಒಂದು ಫಜೀತಿಯನ್ನೂ ಹೇಳಿಬಿಡುತ್ತೇನೆ, ನಿಮಗೂ ಹೀಗೇ ಆದೀತು. ಆಗ ನಾಸಿಕದಿಂದ ಔರಂಗಾಬಾದಿಗೆ, ಅಂದರೆ ಈಗಿನ ಛತ್ರಪತಿ ಸಂಭಾಜಿನಗರಕ್ಕೆ, ರೈಲಿನಲ್ಲಿ ಹೋಗಬೇಕೆಂದರೆ ಮನಮಾಡಿನಲ್ಲಿ ಇಳಿದು ದೊಡ್ಡ ಗಾಡಿಯಿಂದ ಸಣ್ಣ ಗಾಡಿಗೆ ಹತ್ತಬೇಕಾಗಿತ್ತು. ಮುಂದೆ ಹಳಿಯೇ ಕಿರಿದು. ಗಂಟು ಮೂಟೆ, ಚೆಂಡಿನ ಚೀಲ ಹೊತ್ತುಕೊಂಡು ಓಡುವಾಗ ನನ್ನ ಜೀವ ಬಾಯಿಗೆ ಬರುತ್ತಿತ್ತು. ಒಂದು ಸಲ ಸಣ್ಣ ಗಾಡಿಯ ಡಬ್ಬಿಯಲ್ಲಿ ಕುಳಿತು ತಲೆ ಎಣಿಸಿದೆ, ಸರಿಯಾಗಿತ್ತು. ನಿಶ್ಚಿಂತೆಯಿಂದ ಕಣ್ಣು ಮುಚ್ಚಿದೆ. ಗಾಡಿ ಲಾಸೂರಿಗೆ ಬಂದಾಗ ‘ನಮ್ಮ ಹುಡುಗ’ ಒಬ್ಬ ಎದ್ದು ಇಳಿಯತೊಡಗಿದ. ಎಲ್ಲಿಗೋ ಎಂದು ಗದರಿದೆ. ಪಾಪ, ಅವನು ಗಂಗಾಪುರದ ರೈತರ ಹುಡುಗ, ನಮ್ಮದೇ ಬಣ್ಣದ ಅಂಗಿ ಹಾಕಿದ್ದ. ನಮ್ಮ ಕ್ಯಾಪ್ಟನ್ ಪ್ರಸನ್ನ ಮನಮಾಡಿನಲ್ಲಿ ಚಹಾ ಕುಡಿಯುತ್ತ ನಿಂತಿದ್ದ! ಮುಂದಿನ ಗಾಡಿಗೆ ಅವನು ನಗುತ್ತ ಬಂದಿಳಿಯುವವರೆಗೆ ನಾನು ಔರಂಗಾಬಾದ್ ಸ್ಟೇಷನ್ನಿನ ಕಲ್ಲುಬೆಂಚಿನಿಂದ ಏಳಲಿಲ್ಲ. ತಲೆ ಎಣಿಸಬೇಡಿ, ಒಬ್ಬೊಬ್ಬರ ಮುಖ ನೋಡಿ.

ಈ ಪ್ರಸನ್ನ ಕುಲಕರ್ಣಿ ಹುಬ್ಬಳ್ಳಿಯವರ ಮಗ, ತಂದೆ ವಿಮಾನ ಕಾರ್ಖಾನೆಯಲ್ಲಿ ಇಂಜಿನಿಯರ್. ಕನ್ನಡ ಕೇಳಿದರೆ ಪೂರ್ತಿ ತಿಳಿಯುತ್ತಿತ್ತು, ಬಾಯಿ ತೆರೆದರೆ ಅರ್ಧ ಮರಾಠಿ ಬರುತ್ತಿತ್ತು. ತಂಡದಲ್ಲಿ ಇಂಥವರೇ ಮೂವರಿದ್ದರು. ಉಳಿದ ತಂಡಗಳ ಕೋಚ್‌ಗಳು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಕೂಗಿ ಹೇಳುತ್ತಿದ್ದರು, ಎದುರಾಳಿಗಳಿಗೂ ಅದು ತಿಳಿಯುತ್ತಿತ್ತು. ನನಗೊಂದು ಉಪಾಯ ಹೊಳೆಯಿತು. ಅಂಕಣದ ಅಂಚಿನಿಂದ ನಾನು ಕೂಗುವುದೆಲ್ಲ ಕನ್ನಡದಲ್ಲಿ ಎಂದು ನಿಶ್ಚಯಿಸಿದೆ. ಗುಪ್ತ ಭಾಷೆಯನ್ನೇನೂ ಕಟ್ಟಬೇಕಾಗಿರಲಿಲ್ಲ, ಅವ್ವ ಕಲಿಸಿದ್ದೇ ಸಾಕಾಯಿತು. ಮರಾಠಿ ಹುಡುಗರಿಗೆ ನಾಲ್ಕು ಶಬ್ದ ಕಲಿಸಿದೆವು. ನಾಸಿಕದ ಬೇರೆ ತಂಡಗಳಲ್ಲಿ ಅದನ್ನು ಒಡೆದು ತಿಳಿಯುವವರು ಯಾರೂ ಇರಲಿಲ್ಲ.

ಆ ಮರಾಠಿ ಹುಡುಗರಲ್ಲಿ ಒಬ್ಬ ಭಾಸ್ಕರ ಗಾಯಕವಾಡ. ನಾನು ಹೇಳಬೇಕೆಂದಿರುವುದು ಇವನ ಕಥೆಯನ್ನೇ. ಇಗತಪುರಿಯವನು. ಅಪ್ಪ ರೇಲ್ವೆಯಲ್ಲಿ ಗ್ಯಾಂಗ್‌ಮನ್, ಘಾಟಿನಲ್ಲಿ ಹಳಿ ಕಾಯುವ ಕೆಲಸ. ಭಾಸ್ಕರ ದಿನವೂ ಪ್ಯಾಸೆಂಜರ್ ಗಾಡಿಯಲ್ಲಿ ಬರುತ್ತಿದ್ದ. ಮಳೆಗಾಲದಲ್ಲಿ ಇಗತಪುರಿಯಿಂದ ಬಂದವನ ಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಸುಮಂಗಲಾ ಅವನನ್ನು ಕಾಲೇಜಿನ ಪಕ್ಕದ ನಮ್ಮ ಮನೆಯೊಳಗೆ ಕರೆದು ತಲೆ ಒರೆಸಿಕೊಳ್ಳಲು ಟವೆಲ್ ಕೊಟ್ಟು, ಬಿಸಿ ರೊಟ್ಟಿ, ಪುಂಡಿಪಲ್ಯ ಹಾಕುತ್ತಿದ್ದಳು. ಹಾಗೆ ಉಣ್ಣುತ್ತ ಉಣ್ಣುತ್ತ ಅವನು ನಮ್ಮ ಕನ್ನಡ ಹುಡುಗರಿಗಿಂತ ಚೆನ್ನಾಗಿ ಕನ್ನಡ ಕಲಿತುಬಿಟ್ಟ. ‘ಕಾಕೂ, ಇನ್ನೊಂದು ಹಾಕ್ರಿ, ಸಣ್ಣದು ಹಾಕಬ್ಯಾಡ್ರಿ’ ಎನ್ನುವಷ್ಟು.

ಅವನ ಅಪ್ಪ ಒಮ್ಮೆ ಕಾಲೇಜಿಗೆ ಬಂದಿದ್ದರು. ಬರುವ ಮಾರ್ಚಿಗೆ ಅವರ ನಿವೃತ್ತಿ. ನಿವೃತ್ತಿಯಾದರೆ ರೇಲ್ವೆ ಕ್ವಾರ್ಟರ್ಸ್ ಬಿಡಬೇಕು. ಬೇರೆ ಮನೆಯಿಲ್ಲ, ಹೊಲವಿಲ್ಲ, ಹೆಣ್ಣುಮಕ್ಕಳಿಬ್ಬರು ಇನ್ನೂ ಶಾಲೆಗೆ ಹೋಗುತ್ತಿದ್ದರು. ಮಗನಿಗೆ ಅಷ್ಟರೊಳಗೆ ರೇಲ್ವೆಯಲ್ಲಿ ಕೆಲಸ ಸಿಕ್ಕರೆ ಅದೇ ಮನೆಯನ್ನು ಅವನ ಹೆಸರಿಗೆ ಮಾಡಿಸಿಕೊಳ್ಳುವ ದಾರಿಯಿತ್ತು. ರೇಲ್ವೆಯವರು ಆಟಗಾರರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಾರೆಂದು ಅವರು ಯಾರಿಂದಲೋ ಕೇಳಿದ್ದರು. ‘ಗುರುಜಿ, ಪೋರಾಚಂ ಕಾಹೀ ಹೋಯೀಲ ಕಾ?’ ಎಂದರು. ಹುಡುಗನಿಗೆ ಏನಾದರೂ ದಾರಿಯಾದೀತೇ ಎಂದು. ಆಗುತ್ತದೆ ಎಂದುಬಿಟ್ಟೆ. ಹೇಳಿದ ಕ್ಷಣದಿಂದಲೇ ಹೆದರಿಕೆ ಶುರುವಾಯಿತು.

ಹೆದರಿಕೆಗೆ ಕಾರಣವಿತ್ತು. ಅದೇ ಕಾಲಕ್ಕೆ ನಮ್ಮ ಆಟಕ್ಕೆ ಹೊಸ ನಿಯಮ ಬಂದಿತ್ತು. ಬುಟ್ಟಿಯಿಂದ ದೂರಕ್ಕೆ ಒಂದು ಕಮಾನುಗೆರೆ ಎಳೆದು, ಅದರಾಚೆಯಿಂದ ಹಾಕಿದರೆ ಎರಡರ ಬದಲು ಮೂರು ಅಂಕ ಎಂದರು. ಹಳಬರಾದ ನಾವೆಲ್ಲ, ಇದೇನು ಸರ್ಕಸ್ಸು ಎಂದು ಗೊಣಗಿದೆವು. ಅಲ್ಲಿಯವರೆಗೆ ನಮ್ಮ ಪದ್ಧತಿ ಸರಳವಾಗಿತ್ತು. ಎತ್ತರದ ಹುಡುಗನಿಗೆ ಬುಟ್ಟಿಯ ಕೆಳಗೆ ಚೆಂಡು ಮುಟ್ಟಿಸಿದರೆ ಉಳಿದದ್ದನ್ನು ಅವನೇ ನೋಡಿಕೊಳ್ಳುತ್ತಿದ್ದ. ಆದರೆ ಪ್ರಸನ್ನ ಸುಣ್ಣದಲ್ಲಿ ಗೆರೆ ಎಳೆದ ದಿನವೇ ಅದರಾಚೆ ನಿಂತು ಒಂದರ ಮೇಲೊಂದು ಹಾಕತೊಡಗಿದ. ಗೊಣಗಾಟ ನಿಲ್ಲಿಸಿ ನಾನು ಪದ್ಧತಿಯನ್ನೇ ಬದಲಿಸಿದೆ. ನಾನು ‘ಗೋಡಿ!’ ಎಂದು ಕೂಗಿದರೆ ಭಾಸ್ಕರ ಓಡಿಬಂದು, ಪ್ರಸನ್ನನನ್ನು ಕಾಯುವವನ ದಾರಿಗೆ ಗೋಡೆಯಂತೆ ಅಡ್ಡ ನಿಲ್ಲಬೇಕು. ಆ ಮರೆಯಲ್ಲಿ ಪ್ರಸನ್ನ ಚೆಂಡು ಹಾಕಬೇಕು. ‘ಒಳಗ!’ ಎಂದರೆ ಹಳೆಯ ರೀತಿ, ಚೆಂಡು ಬುಟ್ಟಿಯ ಕೆಳಗೆ ಭಾಸ್ಕರನ ಕೈಗೆ. ಆ ವರ್ಷ ನಾನು ಗೋಡಿ ಎಂದದ್ದೇ ಹೆಚ್ಚು. ಮರಾಠಿಯಲ್ಲಿ ಗೋಡಿ ಎಂದರೆ ಸಿಹಿ. ನಿಮ್ಮ ಕೋಚ್‌ಗೆ ಸಕ್ಕರೆ ಕಾಯಿಲೆಯೇ ಎಂದು ಒಬ್ಬ ಅಂಪೈರ್ ಕೇಳಿದ್ದೂ ಉಂಟು.

ತಂಡ ಗೆಲ್ಲುತ್ತ ಹೋಯಿತು, ಪ್ರಸನ್ನನ ಹೆಸರು ಪೇಪರಿನಲ್ಲಿ ಬರತೊಡಗಿತು. ಓಡಿ ಬಂದವರೆಲ್ಲ ಢಿಕ್ಕಿ ಹೊಡೆದು ಭಾಸ್ಕರನ ಎದೆ, ಭುಜ ನೀಲಿಗಟ್ಟುತ್ತಿದ್ದವು. ಅಂಕದ ಹಾಳೆಯಲ್ಲಿ ಅವನ ಹೆಸರಿನ ಮುಂದೆ ಏನೂ ಇರುತ್ತಿರಲಿಲ್ಲ. ಅವನು ಒಂದು ದಿನವೂ ಮುಖ ಸಣ್ಣದು ಮಾಡಲಿಲ್ಲ. ಆದರೆ ಯಾವ ಆಯ್ಕೆಗಾರ ತಾನೇ ಬುಟ್ಟಿಗೆ ಚೆಂಡು ಹಾಕದವನನ್ನು ನೋಡುತ್ತಾನೆ? ತಂಡ ಗೆಲ್ಲಬೇಕೆಂದರೆ ಭಾಸ್ಕರ ಗೋಡೆಯಾಗಬೇಕು. ಭಾಸ್ಕರನ ಮನೆ ಉಳಿಯಬೇಕೆಂದರೆ ಅವನು ಚೆಂಡು ಹಾಕಬೇಕು. ನನಗೆ ಬಿಸಿತುಪ್ಪದ ಹಾಗೆ, ಉಗುಳಲೂ ಆಗದು ನುಂಗಲೂ ಆಗದು.

ಆ ಚಳಿಗಾಲದಲ್ಲಿ ಔರಂಗಾಬಾದಿನ ಒಂದು ಕಾಲೇಜು ಊರೂರಿನ ತಂಡಗಳನ್ನು ಕರೆದು ಪಂದ್ಯಾವಳಿ ಏರ್ಪಡಿಸಿತು. ಭುಸಾವಳದಿಂದ ರೇಲ್ವೆಯ ಕ್ರೀಡಾ ಅಧಿಕಾರಿ ಒಬ್ಬರು ಆಟಗಾರರನ್ನು ಆರಿಸಲು ಬರುತ್ತಾರೆಂದು ಸುದ್ದಿ ಬಂತು. ಮಾರ್ಚಿಗೆ ಮೊದಲು ಭಾಸ್ಕರನಿಗೆ ಇರುವ ಅವಕಾಶ ಇದೊಂದೇ. ಮನಮಾಡಿನಲ್ಲಿ ಈ ಸಲ ಒಬ್ಬೊಬ್ಬರ ಮುಖ ನೋಡಿ ಗಾಡಿ ಹತ್ತಿಸಿದೆ. ಭಾಸ್ಕರನ ಮುಖವನ್ನು ಎರಡೆರಡು ಸಲ ನೋಡಿದೆ.

ಸೆಮಿಫೈನಲ್ ದಿನ ಅಂಕಣಕ್ಕೆ ಇಳಿಯುತ್ತಿದ್ದಂತೆ, ‘ನಮಸ್ಕಾರ್ರೀ ಹಿರೇಮಠರ!’ ಎಂಬ ದನಿ ಕೇಳಿಸಿತು. ಆ ಊರಿನ ಕನ್ನಡ ಸಂಘದವರು! ಅಧ್ಯಕ್ಷರು ವಾಮನರಾವ್ ಕಟ್ಟಿ, ಧಾರವಾಡದವರು, ಬ್ಯಾಂಕ್ ಮ್ಯಾನೇಜರ್. ಕನ್ನಡದ ಕೋಚ್ ಬಂದಿದ್ದಾನೆಂದು ಹೇಗೋ ತಿಳಿದು, ಹೆಂಡಿರು ಮಕ್ಕಳ ಸಮೇತ ಬಂದಿದ್ದರು. ಡಬ್ಬಿ ತುಂಬ ಅವಲಕ್ಕಿ, ಶೇಂಗಾ ಹೋಳಿಗೆ ತಂದಿದ್ದರು. ಕಣ್ಣಲ್ಲಿ ನೀರು ಬಂತು ನನಗೆ. ಪರಊರಿನಲ್ಲಿ ನಮ್ಮ ಮಾತು ಕಿವಿಗೆ ಬಿದ್ದರೆ ಮನುಷ್ಯ ಮೆತ್ತಗಾಗುತ್ತಾನೆ. ಕಟ್ಟಿಯವರು ದೊಡ್ಡ ಮನುಷ್ಯರೆಂದು ಆಯೋಜಕರು ಅವರನ್ನು ಮೊದಲ ಸಾಲಿನಲ್ಲಿ, ರೇಲ್ವೆ ಸಾಹೇಬರ ಪಕ್ಕದಲ್ಲೇ ಕೂಡಿಸಿದರು.

ಆಟ ಶುರುವಾಯಿತು. ನಾನು ‘ಗೋಡಿ!’ ಎಂದೆ. ಸಂಘದ ಇಡೀ ಗುಂಪು ‘ಗೋಡೀ! ಗೋಡೀ!’ ಎಂದು ಕೂಗಿತು. ‘ಒಳಗ!’ ಎಂದೆ. ಹೆಂಗಸರೂ ಸೇರಿ ‘ಒಳಗ ಒಳಗ!’ ಎಂದರು. ಎರಡು ಸಲ ನೋಡುವುದರಲ್ಲಿ ಅವರಿಗೆ ನಮ್ಮ ಇಡೀ ಪದ್ಧತಿ ತಿಳಿದುಹೋಗಿತ್ತು. ಕಟ್ಟಿಯವರು ಅಷ್ಟಕ್ಕೇ ನಿಲ್ಲಲಿಲ್ಲ. ಹಿಂದೆ ಮುಂದೆ ಕುಳಿತವರಿಗೆಲ್ಲ ತಿರುಗಿ ತಿರುಗಿ, ಕೈ ಆಡಿಸುತ್ತ, ಅಪ್ಪಟ ಮರಾಠಿಯಲ್ಲಿ ವಿವರಿಸತೊಡಗಿದರು. ‘ಗೋಡಿ ಮ್ಹಣಜೇ ಭಿಂತ! ತೋ ಉಂಚ ಪೋರಗಾ ಭಿಂತೀಸಾರಖಾ ಉಭಾ ರಾಹತೋ!’ ಗೋಡಿ ಎಂದರೆ ಭಿಂತ, ಗೋಡೆ, ಆ ಎತ್ತರದ ಹುಡುಗ ಗೋಡೆಯ ಹಾಗೆ ನಿಲ್ಲುತ್ತಾನೆ ಎಂದು. ಅವರ ಬೆನ್ನ ಹಿಂದಿನ ಸಾಲಿನಲ್ಲಿ ಕುಳಿತಿದ್ದವರು ಯಾರೆಂದುಕೊಂಡಿರಿ? ಫೈನಲ್ಲಿಗೆ ಆಗಲೇ ತಲುಪಿದ್ದ ಸ್ಥಳೀಯ ಕಾಲೇಜಿನ ಆಟಗಾರರು. ಅವರ ಕ್ಯಾಪ್ಟನ್ ಮುಂದಕ್ಕೆ ಬಾಗಿ, ಕಿವಿಗೊಟ್ಟು ಕೇಳುತ್ತಿದ್ದ. ಕಟ್ಟಿಯವರಿಗೆ ಬಾಯಿ ಮುಚ್ಚಿ ಎನ್ನಲಾದೀತೇ? ನನ್ನ ಕೈಯಲ್ಲೇ ಅವರು ಕೊಟ್ಟ ಹೋಳಿಗೆ ಇತ್ತು.

ಅಂದು ಗೆದ್ದೆವು. ಪ್ರಸನ್ನ ಮನಸೋ ಇಚ್ಛೆ ಹಾಕಿದ. ಭಾಸ್ಕರ ಹಾಕಿದ್ದು ಒಂದೇ ಒಂದು ಬುಟ್ಟಿ. ಸಾಹೇಬರು ಎದ್ದು ಹೋಗುವಾಗ ನನ್ನ ಕಡೆ ನೋಡಲೂ ಇಲ್ಲ.

ಸಂಜೆ ಭಾಸ್ಕರ ಕೇಳಿದ. ‘ಸರ್, ಸಾಹೇಬರು ನನ್ನ ನೋಡಿದ್ರೇನ್ರಿ?’

‘ನೋಡ್ಯಾರೋ. ನಾಳಿ ಇನ್ನೂ ಐತಲ್ಲ’ ಎಂದೆ. ನನ್ನ ದನಿ ನನಗೇ ನಂಬುವಂತಿರಲಿಲ್ಲ.

ಅವನು ಹೋದ ಮೇಲೆ ಪ್ರಸನ್ನ ಬಂದ. ಯಾವಾಗಲೂ ನಗುವ ಹುಡುಗ ಅಂದು ಗಂಭೀರವಾಗಿದ್ದ. ‘ಸರ್, ಉದ್ಯಾ ಭಾಸ್ಕರಗ ಬಾಲ್ ಕೊಡೂಣ ಕಾ? ನಾನು ಕಮಿ ಹಾಕ್ತೀನಿ, ಚಾಲ್ತಂಯ್.’ ನಾಳೆ ಚೆಂಡು ಅವನಿಗೇ ಕೊಡೋಣ, ನಾನು ಕಡಿಮೆ ಹಾಕಿದರೂ ನಡೆಯುತ್ತದೆ ಎಂದು. ಕಾಲೇಜಿನ ಹುಡುಗ ಈ ಮಾತು ಹೇಳಬೇಕಾದರೆ ಎಷ್ಟು ದೊಡ್ಡ ಮನಸ್ಸು ಬೇಕು! ಆದರೂ ನಾನು ಬೇಡವೆಂದೆ. ಬೇಕೆಂದೇ ಹಾಗೆ ಆಡಿಸಿದರೆ ನೋಡುವವನಿಗೆ ಗೊತ್ತಾಗುತ್ತದೆ, ತಂಡವೂ ಹಾಳು, ಹುಡುಗನೂ ಹಾಳು. ಹೀಗೆಂದು ಅವನನ್ನು ಕಳಿಸಿ, ಬೇಡವೆಂದದ್ದು ಸರಿಯೋ ತಪ್ಪೋ ಎಂದು ಹೊರಳಾಡಿದೆ.

ಮರುದಿನ ಫೈನಲ್ ಶುರುವಾದದ್ದೇ ತಡ, ನಾನು ‘ಗೋಡಿ!’ ಎಂದೆ. ಎದುರಾಳಿ ಕ್ಯಾಪ್ಟನ್ ನಕ್ಕು ‘ಭಿಂತ, ಭಿಂತ!’ ಎಂದು ತನ್ನವರಿಗೆ ಕೂಗಿದ. ಪ್ರಸನ್ನ ಚೆಂಡು ಹಿಡಿಯುವಷ್ಟರಲ್ಲಿ ಗೋಡೆಯ ಎರಡೂ ಬದಿಯಿಂದ ಇಬ್ಬರು ಅವನ ಮೇಲೆ ಬಿದ್ದಿದ್ದರು. ಇನ್ನೊಮ್ಮೆ ಕೂಗಿದೆ, ಮತ್ತೆ ಅದೇ ಆಯಿತು. ಕೂಗದೆ ಸುಮ್ಮನಿದ್ದರೆ ನಮ್ಮ ಹುಡುಗರು ಗಲಿಬಿಲಿಗೊಳ್ಳುತ್ತಿದ್ದರು, ನನ್ನ ಕೂಗಿಗೆ ಅಷ್ಟು ಒಗ್ಗಿದ್ದರು. ನೋಡನೋಡುತ್ತ ಬಹಳ ಹಿಂದೆ ಬಿದ್ದೆವು. ಸಂಘದವರು ಮಾತ್ರ ಹುಮ್ಮಸ್ಸಿನಿಂದ ಕೂಗುತ್ತಲೇ ಇದ್ದರು. ನಾನು ಟೈಮ್‌ಔಟ್ ಕೇಳಿದೆ.

ಹುಡುಗರು ಸುತ್ತ ನಿಂತರು. ಆಗ ಭಾಸ್ಕರ ಹೇಳಿದ. ‘ಸರ್, ನೀವು ಗೋಡಿ ಗೋಡಿ ಅಂತ ಒದರ್ರಿ. ನಾವು ಗೋಡಿ ಕಟ್ಟೂದಿಲ್ರಿ, ಒಳಗ ಹೋಗ್ತೀವ್ರಿ.’

ಪ್ರಸನ್ನ ಅವನ ಬೆನ್ನಿಗೆ ಗುದ್ದಿದ. ‘ಬರೋಬರ್ ಸರ್! ನನ್ನ ಮ್ಯಾಲೆ ದೋಘಂ ಬರ್ತಾರ, ಭಾಸ್ಕರ್ ಮೋಕಳಾ ಇರ್ತಾನ.’

ಇಬ್ಬರು ಪ್ರಸನ್ನನ ಮೇಲೆ ಬಿದ್ದರೆ ಭಾಸ್ಕರನನ್ನು ಕಾಯುವವರೇ ಇರುವುದಿಲ್ಲ. ಇಷ್ಟು ಸರಳವಾದದ್ದು ನನಗೆ ಹೊಳೆದಿರಲಿಲ್ಲ! ಆಟ ಮುಂದುವರಿದಾಗ ಗಂಟಲು ಹರಿಯುವಂತೆ ‘ಗೋಡಿ!’ ಎಂದೆ. ಸಂಘದವರು ಹತ್ತುಪಟ್ಟು ಜೋರಾಗಿ ‘ಗೋಡೀ!’ ಎಂದರು. ಎದುರಾಳಿಗಳು ಪ್ರಸನ್ನನ ಕಡೆ ನುಗ್ಗಿದರು, ಚೆಂಡು ಅವರ ತಲೆಯ ಮೇಲಿಂದ ಹಾರಿ ಬುಟ್ಟಿಯ ಕೆಳಗೆ ಒಬ್ಬನೇ ನಿಂತ ಭಾಸ್ಕರನ ಕೈಸೇರಿತು. ಹಾಕಿದ. ಮತ್ತೆ ಹಾಕಿದ. ಅವರಿಗೆ ಮೋಸ ತಿಳಿಯುವ ಹೊತ್ತಿಗೆ ನಾವು ಹತ್ತಿರ ಬಂದಿದ್ದೆವು. ತಿಳಿದು ಅವನ ಕಡೆ ಬಂದರೆ ಪ್ರಸನ್ನ ದೂರದಿಂದ ಹಾಕುತ್ತಿದ್ದ. ಭಾಸ್ಕರ ಅಂದು ಆಡಿದ ಆಟವನ್ನು ಅದಕ್ಕೂ ಮೊದಲು ನಾನು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಸಾಹೇಬರ ಮುಖ ಹೇಗಿದೆಯೋ ನೋಡೋಣವೆಂದು ಮೊದಲ ಸಾಲಿನ ಕಡೆ ತಿರುಗಿದೆ. ಕುರ್ಚಿ ಖಾಲಿ. ಪಕ್ಕದ ಕಟ್ಟಿಯವರ ಕುರ್ಚಿಯೂ ಖಾಲಿ. ಆಚೆ ಕುಳಿತವರನ್ನು ಕೇಳಿದೆ. ‘ಸಾಹೇಬ? ತೇ ಸುರುವಾತೀಲಾಚ ಗೇಲೇ’ ಎಂದರು, ಗಾಡಿಗೆ ಹೊತ್ತಾಯಿತೆಂದು ಶುರುವಿನಲ್ಲೇ ಹೋದರಂತೆ. ಅಂದರೆ ಈ ಆಟದಲ್ಲಿ ಭಾಸ್ಕರ ಹಾಕಿದ ಒಂದು ಚೆಂಡನ್ನೂ ಅವರು ನೋಡಿರಲಿಲ್ಲ. ಅಂಕಣದಲ್ಲಿ ಹುಡುಗ ಅದೇ ಕುರ್ಚಿಯ ಮೇಲೆ ಆಸೆ ಇಟ್ಟು ಜೀವ ತೇಯುತ್ತಿದ್ದ, ತಿರುಗಿ ನೋಡುವಷ್ಟು ಬಿಡುವೂ ಅವನಿಗಿರಲಿಲ್ಲ. ನನಗೆ ಅಳು ಬಂತು. ನಾಚಿಕೆ ಬಿಟ್ಟು ಹೇಳುತ್ತೇನೆ, ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡೆ.

ಒಂದೇ ಅಂಕದಿಂದ ಸೋತೆವು. ಕೊನೆಯ ಚೆಂಡು ಭಾಸ್ಕರನದೇ, ರಿಂಗಿನ ಮೇಲೆ ಸುತ್ತು ಹೊಡೆದು ಹೊರಗೆ ಬಿತ್ತು. ಅವನು ತಿರುಗಿ ಖಾಲಿ ಕುರ್ಚಿಯನ್ನು ನೋಡಿದ. ನೆಟ್ಟಗೆ ಅಂಕಣದಾಚೆಯ ನಲ್ಲಿಯ ಕಡೆ ನಡೆದುಬಿಟ್ಟ.

ಅಷ್ಟರಲ್ಲಿ ಕಟ್ಟಿಯವರು ಸ್ಕೂಟರ್ ನಿಲ್ಲಿಸಿ ಓಡೋಡಿ ಬಂದರು. ಅವರನ್ನು ಕಂಡದ್ದೇ ನನ್ನ ಪಿತ್ತ ನೆತ್ತಿಗೇರಿತು. ಇವರು ಬಾಯಿ ಮುಚ್ಚಿಕೊಂಡಿದ್ದರೆ ಕಪ್ಪು ನಮ್ಮದಾಗುತ್ತಿತ್ತು. ಸಾಹೇಬರನ್ನು ಮಾತಿನಲ್ಲಿ ಕಟ್ಟಿಹಾಕಿ ಹತ್ತು ನಿಮಿಷ ಕೂಡಿಸಿದ್ದರೂ ಸಾಕಿತ್ತು.

‘ಏನಾತ್ರೀ ಮ್ಯಾಚ್?’ ಎಂದರು ಏದುಸಿರು ಬಿಡುತ್ತ.

‘ಸೋತ್ವಿ.’

‘ಅಯ್ಯ, ಹೋಗ್ಲಿ ಬಿಡ್ರಿ. ಸಾಹೇಬರನ್ನ ಸ್ಟೇಷನ್ನಿಗೆ ಬಿಟ್ಟುಬಂದೆ, ರಿಕ್ಷಾ ಸಿಗಲಿಲ್ಲ ಅವರಿಗೆ. ನಿಮಗ ಒಂದು ನಿರೋಪ ಹೇಳ್ಯಾರ. ನಿನ್ನೆ ನಾವು ಒದರೂದು ಕೇಳಿ, ಗೋಡಿ ಅಂದ್ರ ಏನು ಅಂತ ನನ್ನ ಕೇಳಿದ್ರು. ಆ ಎತ್ತರ ಹುಡುಗ ಅಡ್ಡ ನಿಂತ್ಗೊಂಡು ಪೆಟ್ಟು ತಾ ತಿಂತಾನ್ರಿ, ಬುಟ್ಟಿ ಇನ್ನೊಬ್ಬಾಂವ ಹಾಕ್ತಾನ್ರಿ ಅಂತ ಹೇಳ್ದೆ. ಆಮ್ಯಾಲೆ ಅವರು ಚೆಂಡು ನೋಡೂದೇ ಬಿಟ್ರು ನೋಡ್ರಿ! ಮ್ಯಾಚ್ ಮುಗಿಯೂಮಟಾ ಆ ಹುಡುಗನ್ನೇ ನೋಡಿದ್ರು. ಚೆಂಡು ಹಾಕವರು ನಮ್ಮಲ್ಲಿ ಬೇಕಾದಷ್ಟು ಮಂದಿ ಅದಾರ, ಇಂಥಾಂವ ಒಬ್ಬನೂ ಇಲ್ಲ, ಭುಸಾವಳಕ್ಕ ಕಳಸಂತ ಹೇಳ್ರಿ, ಅವನ ಜಾಗಾ ಗಟ್ಟಿ ಅಂದ್ರು.’

ಆಮೇಲೆ ಅವರು ಸಂಕೋಚದಿಂದ, ‘ನಿನ್ನೆ ನಾ ಸ್ವಲ್ಪ ಜಾಸ್ತೀನ ಮಾತಾಡಿದೆ ಕಾಣ್ತದ. ನಿಮಗೇನರೆ ತ್ರಾಸ ಆತೇನ್ರಿ?’ ಎಂದರು. ಇಲ್ಲವೆಂದು ತಲೆಯಾಡಿಸಿ ಅವರ ಎರಡೂ ಕೈ ಹಿಡಿದುಕೊಂಡೆ.

ಸಾಹೇಬರು ಮಾತಿಗೆ ತಪ್ಪಲಿಲ್ಲ. ಮಾರ್ಚ್ ಬರುವ ಮೊದಲೇ ಭಾಸ್ಕರನಿಗೆ ಇಗತಪುರಿಯ ರೇಲ್ವೆ ಶೆಡ್ಡಿನಲ್ಲಿ ಕೆಲಸವಾಯಿತು. ಅದೆಲ್ಲ ಆಮೇಲಿನದು. ಅಂದು ಅವನು ನಲ್ಲಿಯ ಕೆಳಗೆ ತಲೆ ಒಡ್ಡಿ ನಿಂತಿದ್ದ, ನೀರು ಬೀಳುತ್ತಲೇ ಇತ್ತು. ಹೋಗಿ ಭುಜ ಹಿಡಿದು ತಿರುಗಿಸಿದೆ. ಕಣ್ಣು ಕೆಂಪಾಗಿದ್ದವು. ಒಂದು ಶಬ್ದವೂ ಬಿಟ್ಟುಹೋಗಬಾರದೆಂದು ಅವನಿಗೆ ಮರಾಠಿಯಲ್ಲೇ ಎಲ್ಲ ಹೇಳಿದೆ. ಅವನು ಕೈಚಾಚಿ ನಲ್ಲಿ ನಿಲ್ಲಿಸಿದ. ಆಮೇಲೆ ಕನ್ನಡದಲ್ಲಿ ಕೇಳಿದ:

‘ಸರ್, ಇಗತಪುರಿ ಸ್ಟೇಷನ್ನಿಗೆ ಫೋನ್ ಮಾಡಾಕ ಬರ್ತದೇನ್ರಿ? ಅವ್ವ ಭಾಂಡೆಸಾಮಾನು ಕಟ್ಟಾಕ ಹತ್ಯಾಳ. ಬಿಚ್ಚು ಅಂತ ಹೇಳಬೇಕ್ರಿ.’